ಕಿವಿಯ ಮೇಲೆ ಕೂರುವಂಥದ್ದು

ಕಾರವಾರಕ್ಕೆ ಬಂದ ಮೊದಲ ಬೆಳಿಗ್ಗೆ ನನಗೆ ಮನೆಯ ಬಾಗಿಲು ಸಿಗಲಿಲ್ಲ. ಕೋಣೆಯಿಂದ ಅಂಗಳಕ್ಕಿಳಿದು ಹತ್ತು ಹೆಜ್ಜೆ ಹೋಗಿದ್ದೆ, ಅಷ್ಟೆ. ತಿರುಗಿ ನಿಂತರೆ ಮನೆ ಯಾವ ಕಡೆಗಿದೆ ಎಂದೇ ತಿಳಿಯದು. ಎಡಕ್ಕೂ ಮೊರೆತ, ಬಲಕ್ಕೂ ಮೊರೆತ. ನಮ್ಮ ಪಾವಗಡದಲ್ಲಿ ಸದ್ದುಗಳ ನಡುವೆ ಜಾಗವಿರುತ್ತದೆ. ಅಮ್ಮನ ಹೊಲಿಗೆ ಯಂತ್ರ ಇಲ್ಲಿ, ಎದುರುಮನೆಯ ಮೇಕೆಗಳು ಅಲ್ಲಿ, ಬಸ್‌ಸ್ಟ್ಯಾಂಡು ಅದರಾಚೆ, ಬಂಡೆಗುಡ್ಡಕ್ಕೆ ಬಡಿದು ಮರಳಿ ಬರುವ ಲಾರಿಯ ಹಾರನ್ನು ಇನ್ನೂ ಆಚೆ. ಇಲ್ಲಿ ಸಮುದ್ರ ಎಲ್ಲದರ ಮೇಲೂ ಕಂಬಳಿ ಹೊದಿಸಿಬಿಟ್ಟಿತ್ತು. ಕೋಲು ಹಿಡಿದುಕೊಂಡು ತುಳಸಿಕಟ್ಟೆಗೆ ಎರಡು ಸಲ ಎಡವಿ, ಕೊನೆಗೆ ಸುಮ್ಮನೆ ನಿಂತುಬಿಟ್ಟೆ.

ನನಗೆ ಆರನೆಯ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ. ಅಂಧರ ಶಾಲೆಯಲ್ಲಿ ಓದಿ, ಟೆಲಿಫೋನ್ ಆಪರೇಟರ್ ತರಬೇತಿ ಮುಗಿಸಿ, ಕಾರವಾರದ ಒಂದು ಸರ್ಕಾರಿ ಕಚೇರಿಗೆ ಬಂದವನು. ಆದೇಶ ಬಂದಾಗ ಅಮ್ಮ ಯಾರ್‍ಯಾರನ್ನೋ ಕೇಳಿ, ಅದು ಕರ್ನಾಟಕದಲ್ಲೇ ಇದೆ ಎಂದು ಖಚಿತ ಮಾಡಿಕೊಂಡಿದ್ದಳು.

ಆ ಬೆಳಿಗ್ಗೆ ನನ್ನ ಕೈ ಹಿಡಿದು ಬಾಗಿಲಿಗೆ ತಂದವರು ಮನೆಯೊಡತಿ. ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು. ಕೊಂಕಣಿಯಲ್ಲಿ ಆಯಿ ಎಂದರೆ ತಾಯಿ. ಅವರ ಗಂಡ ಪಾಂಡುರಂಗ ಮಾಮ, ಅಂಕೋಲೆ ಕಡೆಯವರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮನೆಯ ಪಕ್ಕದ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಮಾಮ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದರು. ಆಯಿಗೆ ಕನ್ನಡ ಅರ್ಧ ಮಾತ್ರ ಬರುತ್ತಿತ್ತು. ಅವರು ನನಗೆ ಮೊದಲು ಕಲಿಸಿದ ಎರಡು ಮಾತು ಉಜವೆ, ದಾವೆ. ಬಲ, ಎಡ. ಒಂದು ವಾರ ದಿನಾ ಬೆಳಿಗ್ಗೆ ನನ್ನ ಹಿಂದೆಯೇ ನಡೆದು, ದಾರಿಯುದ್ದಕ್ಕೂ ಉಜವೆ ದಾವೆ ಹೇಳುತ್ತ ಕಚೇರಿಯ ಗೇಟಿನವರೆಗೆ ಬಂದರು. ಎಂಟನೆಯ ದಿನ ನಾನೊಬ್ಬನೇ ಹೋದೆ. ಸಂಜೆ ಬಂದಾಗ ಮಾಮ ಹೇಳಿದರು, ಇವಳು ಇವತ್ತೂ ನಿನ್ನ ಹಿಂದೇ ಬಂದಿದ್ಳು, ಬಾಯಿ ಮಾತ್ರ ಮುಚ್ಚಿಕೊಂಡಿದ್ಳು ಎಂದು.

ಊಟದಲ್ಲೂ ಹಾಗೆಯೇ ಕಲಿತೆ. ನಮ್ಮಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರೆ ಮುಗಿಯಿತು, ಬೆರಳಿಗೆ ಅನುಮಾನವಿರುವುದಿಲ್ಲ. ಬಾಂಗಡೆ ಮೀನು ಹಾಗಲ್ಲ. ಮೊದಮೊದಲು ಆಯಿಯೇ ಮುಳ್ಳು ಬಿಡಿಸಿಕೊಡುತ್ತಿದ್ದರು. ಆಮೇಲೆ ನನ್ನ ಬೆರಳು ಹಿಡಿದು ಬೆನ್ನುಮುಳ್ಳು ಎಲ್ಲಿ ಶುರುವಾಗುತ್ತದೆ, ಎಲ್ಲಿ ಒತ್ತಿದರೆ ಪೂರ್ತಿ ಎದ್ದುಬರುತ್ತದೆ ಎಂದು ತೋರಿಸಿದರು. ಒಂದು ಮೀನನ್ನು ನಾನೇ ಬಿಡಿಸಿ ತಿಂದ ದಿನ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಅಮ್ಮನಿಗೆ ಅದರಲ್ಲಿ ಹೇಳುವಂಥದ್ದೇನಿದೆ ಎಂದು ತಿಳಿಯಲಿಲ್ಲ.

ಆದರೂ ಭಾನುವಾರಗಳು ಕಳೆಯುತ್ತಿರಲಿಲ್ಲ. ಕಚೇರಿಯಲ್ಲಿ ದಿನವಿಡೀ ಬೇರೆಯವರ ಮಾತನ್ನು ಬೇರೆಯವರಿಗೆ ದಾಟಿಸುವ ಕೆಲಸ. ಕೋಣೆಗೆ ಬಂದರೆ ನನ್ನೊಡನೆ ಮಾತಾಡುವ ದನಿ ಬೇಕೆನಿಸುತ್ತಿತ್ತು. ನನ್ನ ಶಾಲೆಯವರು ಕಾದಂಬರಿಗಳನ್ನು ಓದಿಸಿ ಕ್ಯಾಸೆಟ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಜೂನ್ ಬಂತೆಂದರೆ ಹೆಂಚಿನ ಮೇಲೆ ಬೀಳುವ ಮಳೆಯಲ್ಲಿ ಟೇಪಿನ ದನಿ ಮುಳುಗಿಹೋಗುತ್ತಿತ್ತು. ಅದಕ್ಕೆ ಕಿವಿಯೊಳಗೆ ತುರುಕುವ ಸಣ್ಣ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದೆ. ನಮ್ಮೂರಿನಲ್ಲಿ ಒಣಹಾಕಿದ ಬಟ್ಟೆ ಅರ್ಧ ಗಂಟೆಗೆ ಗರಿಗರಿಯಾಗುತ್ತದೆ. ಇಲ್ಲಿ ಮಳೆಗಾಲದಲ್ಲಿ ಬಟ್ಟೆ, ಹಾಸಿಗೆ, ಬ್ರೈಲ್ ಕಾಗದ ಎಲ್ಲವೂ ತಣ್ಣಗೆ ಒದ್ದೆ. ಕಿವಿಯೂ ಹಾಗೆಯೇ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಬಲಗಿವಿ ತುರಿಸಿ, ಸೋರಿ, ನೋವೆದ್ದಿತು. ತೋರಿಸುವುದಕ್ಕೆ ನಾನೇ ತಡಮಾಡಿದೆ. ಡಾಕ್ಟರು, ಸೋಂಕು ಒಳಗೆ ಇಳಿದಿದೆ, ನೋವು ಹೋಗುತ್ತದೆ, ಆದರೆ ಆ ಕಿವಿ ಮೊದಲಿನಂತೆ ಕೇಳುವುದಿಲ್ಲ ಎಂದರು. ಇನ್ನು ಮೇಲೆ ಕಿವಿಯೊಳಗೆ ಏನನ್ನೂ ಹಾಕಬೇಡಿ ಎಂದರು.

ಕಣ್ಣಿದ್ದವರಿಗೆ ಒಂದು ಕಿವಿ ಮಂದವಾದರೆ ಸದ್ದು ಕಡಿಮೆಯಾಗುತ್ತದೆ. ನನಗೆ ದಿಕ್ಕು ಹೋಯಿತು. ಆಟೋ ಬರುವುದು ಕೇಳುತ್ತದೆ, ಎತ್ತಲಿಂದ ಎಂಬುದು ತಿಳಿಯುವುದಿಲ್ಲ. ಕಲಿತ ದಾರಿಯನ್ನೆಲ್ಲ ಕೋಲು ತಟ್ಟಿ, ಗೋಡೆ ಸವರಿ, ಮತ್ತೆ ಮೊದಲಿಂದ ಕಲಿತೆ. ಅಮ್ಮ ಊರಿಗೆ ಬಂದುಬಿಡು ಎಂದು ಅತ್ತಳು. ತುಮಕೂರಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದೆ. ಉತ್ತರ ಬರಲಿಲ್ಲ.

ಕ್ಯಾಸೆಟ್ಟುಗಳು ಪೆಟ್ಟಿಗೆಯಲ್ಲಿ ಹಾಗೇ ಉಳಿದಿದ್ದನ್ನು ನೋಡಿ ಮಾಮನೇ ಒಂದು ದಿನ ನನ್ನನ್ನು ಕಾರವಾರದ ಅಂಗಡಿಗಳಿಗೆ ಕರೆದುಕೊಂಡು ಹೋದರು. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನನ್ನು ಅಂಗಡಿಯವನು ತಲೆಗಿಟ್ಟ. ದನಿ ಚೆನ್ನಾಗಿಯೇ ಇತ್ತು. ಆದರೆ ಮಾಮನ ಮಾತು, ರಸ್ತೆ, ಅಂಗಡಿ, ಎಲ್ಲ ಒಮ್ಮೆಲೇ ಇಲ್ಲವಾಯಿತು. ಗಾಬರಿಯಿಂದ ಕಿತ್ತು ಕೊಟ್ಟೆ. ಕಣ್ಣಿಲ್ಲದವನು ಕಿವಿಯನ್ನೂ ಮುಚ್ಚಿಕೊಂಡು ಹೇಗೆ ಕೂರುವುದು? ನನಗೆ ಬೇಕಾದದ್ದು ಕಿವಿಯ ಮೇಲೆ ಹಗುರಾಗಿ ಕೂತು, ಹೊರಗಿನದನ್ನೂ ಒಳಬಿಡುವಂಥದ್ದು. ಒಳ್ಳೆಯದು ತೋರಿಸಿದರೆ ಬೆಲೆ ನನ್ನ ಕೈಗೆ ಮೀರಿತ್ತು. ಅಗ್ಗದ್ದಾದರೆ ತಗಡಿನ ಡಬ್ಬಿಯೊಳಗಿಂದ ಮಾತಾಡಿದಂತಿತ್ತು.

ಮುಂದಿನ ವಾರ ಅಂಕೋಲೆಗೆ ಹೋದೆವು. ಅಲ್ಲಿ ಮಾಮನ ಗುರುತಿನ ಸುಬ್ರಾಯ ಎಂಬುವರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ಮೊದಲು ನನಗೆ ಏನು ಬೇಕೆಂದು ಕೇಳಲಿಲ್ಲ. ಏನು ಕೇಳುತ್ತೀರಿ, ಎಷ್ಟು ಹೊತ್ತು, ಎಲ್ಲಿ ಕೂತು ಎಂದು ವಿಚಾರಿಸಿದರು. ಹಾಡಿಗಿಂತ ಮಾತೇ ಹೆಚ್ಚು ಎಂದೆ.

"ಮಾತು ಕೇಳೂಕಾದ್ರೆ ದೊಡ್ಡ ಬೆಲೆದು ಬ್ಯಾಡ ತಮಾ," ಎಂದರು. "ತಲೆಗೆ ಭಾರ ಆಗೂದಿಲ್ವಾ, ಬೆವರು ಕೂಡೂದಿಲ್ವಾ, ವಾಯರು ಗಟ್ಟಿ ಇದ್ಯಾ, ಇಷ್ಟು ನೋಡು. ಉಳಿದದ್ದು ನಾ ಮಾಡಿ ಕೊಡ್ತೆ."

ನಾಲ್ಕನ್ನು ಒಂದೊಂದಾಗಿ ತಲೆಗಿಟ್ಟು, ತಲೆ ಅಲ್ಲಾಡಿಸಿ, ಬಗ್ಗಿ ಎದ್ದು ನೋಡಿದೆ. ಒಂದೊಂದನ್ನೂ ಹತ್ತು ನಿಮಿಷ ಹಾಕಿಕೊಂಡೇ ಕೂರಲು ಹೇಳಿದರು, ಕಿವಿ ನೋಯುವುದು ಆಮೇಲೆಯೇ ಗೊತ್ತಾಗುವುದಂತೆ. ಮೂರನೆಯದು ಸರಿಯಾಯಿತು. ಸ್ಪಂಜು ಬೆವರಿಗೆ ಪುಡಿಯಾಗುತ್ತದೆಂದು ಹತ್ತಿ ಬಟ್ಟೆಯ ಗವುಸು ಹಾಕಿದರು, ಎರಡು ಜೊತೆ, ಒಗೆದು ಬದಲಿಸಲು. ಬಲಗಡೆಯ ದನಿ ನನಗೆ ತಪ್ಪಿಹೋಗದಂತೆ ಒಳಗಿನ ತಂತಿ ಕೂಡಿಸಿ, ಎರಡೂ ಕಡೆಗೆ ಒಂದೇ ದನಿ ಬರುವ ಹಾಗೆ ಮಾಡಿದರು. ಅದನ್ನು ಹಾಕಿಕೊಂಡೇ ಮಾಮನ ಜೊತೆ ಮಾತಾಡಿದೆ. ಅವರ ಮಾತೂ ಕೇಳಿತು, ಹೊರಗೆ ಬಸ್ಸು ತಿರುಗಿಸಿದ್ದೂ ಕೇಳಿತು. ಹಿಂದಿರುಗುವಾಗ ಬಸ್ಸಿನಲ್ಲಿ, ಎಷ್ಟೋ ತಿಂಗಳ ಮೇಲೆ, ನಾನಾಗಿಯೇ ಬಾಯಿಬಿಟ್ಟು ಮಾತಾಡಿದೆನಂತೆ. ಮಾಮ ಆಯಿಗೆ ಹಾಗೆ ಹೇಳಿದರು.

ಆ ಹೆಡ್‌ಫೋನ್ ತಂದ ಮುಂದಿನ ಶ್ರಾವಣದ ಒಂದು ಭಾನುವಾರ, ಮಾಮ ನೆಂಟರ ಮನೆಯ ಮದುವೆಯ ಮಾತಿಗೆಂದು ಅಂಕೋಲೆಗೆ ಹೋಗಿದ್ದರು. ಮಳೆ ನಿಂತಿತ್ತು. ಊಟವಾದ ಮೇಲೆ ನಾನು ಜಗಲಿಯ ಮೇಲೆ ಕೂತು ಒಂದು ಕಾದಂಬರಿಯ ಕೊನೆಯ ಕ್ಯಾಸೆಟ್ ಹಾಕಿದೆ. ಕತೆ ಮುಗಿಯುವುದರಲ್ಲಿತ್ತು, ದನಿ ಸ್ವಲ್ಪ ಏರಿಸಿಕೊಂಡೆ. ಟೇಪು ಟಕ್ಕೆಂದು ನಿಂತ ಮೇಲೆ ಹೆಡ್‌ಫೋನ್ ತೆಗೆದು ಕೊರಳಿಗಿಳಿಸಿದೆ. ಆಗ ಕೇಳಿತು.

"ಬಾಬಾ."

ಆಯಿ ನನ್ನನ್ನು ಹಾಗೆ ಕರೆಯುತ್ತಿದ್ದರು. ದನಿ ತೀರ ಸಣ್ಣದಾಗಿತ್ತು. ಎದ್ದು ಓಡಿದೆ. ನನಗೆ ಕೇಳಿದ್ದು ಎಡದಿಂದ, ನನಗೆ ಈಗ ಎಲ್ಲವೂ ಕೇಳುವುದು ಎಡದಿಂದಲೇ. ಗೇಟಿನ ಕಡೆಗೆ ಹೋಗಿಬಿಟ್ಟೆ. ಅವರು ಇದ್ದದ್ದು ಹಿಂದೆ, ಬಾವಿಯ ಹತ್ತಿರ. ಆಯಿ, ಎಲ್ಲಿದ್ದೀರಿ ಎಂದು ಕೂಗಿದೆ. ಅಲ್ಲಿ ಬಿದ್ದಲ್ಲಿಂದಲೇ ಅವರು ನನಗೆ ದಾರಿ ಹೇಳತೊಡಗಿದರು. ಉಜವ್ಯಾನ್, ಬಾಬಾ. ಆತಾ ದಾವ್ಯಾನ್. ಬಲಕ್ಕೆ, ಈಗ ಎಡಕ್ಕೆ. ನಾನು ಹತ್ತಿರವಾದಷ್ಟೂ, ಮೆಲ್ಲಗೆ ಬಾ, ಕಲ್ಲು ಜಾರುತ್ತದೆ ಎಂದು ತಮ್ಮ ಭಾಷೆಯಲ್ಲಿ ಎಚ್ಚರಿಸಿದರು. ಚಿರೇಕಲ್ಲಿನ ಮೆಟ್ಟಿಲ ಕೆಳಗೆ ನನ್ನ ಕೈಗೆ ಅವರ ಸೀರೆ ಸಿಕ್ಕಿತು. ಕಲ್ಲಿನ ಮೇಲೆ ನಿಂತ ಮಳೆನೀರಿಗೆ ಪೂರ್ತಿ ನೆನೆದಿತ್ತು. ಒಂದು ಮುಷ್ಟಿಯಲ್ಲಿ ಕೊಯ್ದ ಅಬೊಲಿ, ಅಂದರೆ ಕನಕಾಂಬರ ಹೂವುಗಳಿದ್ದವು. ನನ್ನ ಕೂಗಿಗೆ ಅಕ್ಕಪಕ್ಕದವರು ಬಂದರು.

ಸೊಂಟದ ಮೂಳೆ ಮುರಿದಿತ್ತು. ಹೃದಯಕ್ಕೆ ಬಲವಿಲ್ಲದ್ದರಿಂದ ಆಪರೇಷನ್ ಬೇಡವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಗೋವೆಯ ಮಡಗಾಂವದಲ್ಲಿದ್ದ ಅವರ ಮಗಳು ಬಂದು ನಿಂತಳು.

ಮೂರನೆಯ ದಿನ, ಬೇರೆ ಯಾರೂ ಇಲ್ಲದಾಗ, ಮಂಚದ ಹತ್ತಿರ ಕೂತು ಕೇಳಿದೆ. ಆಯಿ, ನನ್ನನ್ನು ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಿರಿ?

"ಹಾಂವೆಂ ಆಪಯ್ಲೆಂಚ್ ನಾ," ಎಂದರು. ನಾನು ಕರೆದೇ ಇಲ್ಲ, ಆಗಷ್ಟೇ ಬಿದ್ದಿದ್ದೆ.

ಹಾಗೆ ಹೇಳಿದ ದನಿ ಒಡೆದುಹೋಗಿತ್ತು. ದಿನವಿಡೀ ದನಿಗಳನ್ನೇ ಕೇಳಿ ಹೊಟ್ಟೆ ಹೊರೆಯುವವನು ನಾನು. ನೆಗಡಿಯಿಂದ ಕಟ್ಟಿದ ಗಂಟಲು ಯಾವುದು, ಕೂಗಿ ಕೂಗಿ ಹರಿದ ಗಂಟಲು ಯಾವುದು ಎಂದು ನನಗೆ ತಿಳಿಯುತ್ತದೆ. ಅದು ಅವರಿಗೂ ಗೊತ್ತಿದ್ದಿರಬೇಕು. ಅದಕ್ಕೇ ಆಮೇಲೆ ನಾಲ್ಕು ದಿನ ನನ್ನ ಜೊತೆ ಬಾಯಿ ತೆರೆಯದೆ ಬರೀ ಕೈ ಒತ್ತಿ ಮಾತಾಡಿದರು.

ಹೆಡ್‌ಫೋನನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹದಿನೈದು ದಿನ ಕಳೆದ ಮೇಲೆ ಆಯಿಯೇ ಅದನ್ನು ಕೇಳಿದರು. ಮಲಗಿ ಮಲಗಿ ಬೇಸರ, ಮಗಳ ಟಿವಿಯ ಗಲಾಟೆಯಲ್ಲಿ ರೇಡಿಯೋದ ಭಜನೆ ಕೇಳುವುದಿಲ್ಲ, ನಿನ್ನದು ತಾ ಎಂದರು. ನಾನು ತರಲಿಲ್ಲ. ಮರುದಿನ ಮತ್ತೆ ಕೇಳಿದರು. ಒಗೆದ ಗವುಸು ಹಾಕಿ ತಂದು, ಅವರ ತಲೆ ಎತ್ತಿ, ಕೂದಲು ಸಿಕ್ಕದಂತೆ ಕಿವಿಯ ಮೇಲೆ ಕೂರಿಸಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡು, ಭಜನೆ ಮುಗಿಯುವವರೆಗೂ ಬಿಡಲಿಲ್ಲ. ಆಮೇಲೆ ಪ್ರತಿ ಸಂಜೆ ಕಚೇರಿಯಿಂದ ಬಂದು ಅದನ್ನು ಹಾಕುವುದು ನನ್ನ ಕೆಲಸವಾಯಿತು. ನಾಲ್ಕು ತಿಂಗಳು ಹಾಗೆ ನಡೆಯಿತು. ಒಂದು ಸಂಜೆ ನಾನು ಬರುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು.

ಹನ್ನೆರಡನೆಯ ದಿನದ ಊಟಕ್ಕೆ ಬಂದ ನೆಂಟರು ಈ ಘಟ್ಟದ ಮೇಲಿನವನು ಯಾರು ಎಂದು ಕೇಳಿದಾಗ, ಮಾಮ, ನಮ್ಮ ಮನೆಯವನು ಎಂದರು. ನಾನು ಎದ್ದು ಹೊರಗೆ ಹೋದೆ. ಮಾಮನಿಗೆ ಇವತ್ತಿಗೂ ಆ ಭಾನುವಾರದ ಅಷ್ಟನ್ನೂ ನಾನು ಹೇಳಿಲ್ಲ. ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಮುಂದಿನ ಬೇಸಿಗೆಯಲ್ಲಿ ರಜೆಗೆ ಪಾವಗಡಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಅಮ್ಮ ನೀರು ಎಲ್ಲಿಡಲಿ ಎಂದಳು. ಉಜವೆ ಎಂದೆ. ಏನೋ ಅದು ಎಂದು ನಕ್ಕಳು. ನಗುತ್ತಲೇ, ನೀನು ಯಾರದ್ದೋ ಥರ ಮಾತಾಡ್ತಿದೀಯ ಕಣೋ ಎಂದಳು. ಬಂಡೆಗುಡ್ಡದಿಂದ ಲಾರಿಯ ಹಾರನ್ನು ಮರಳಿ ಬಂತು. ಈಗ ಒಂದೇ ಕಿವಿಗೆ ಅದು ಎತ್ತಲಿಂದ ಬಂತೆಂದು ಅಲ್ಲಿಯೂ ತಿಳಿಯಲಿಲ್ಲ.

ತುಮಕೂರಿನ ವರ್ಗಾವಣೆ ಆದೇಶ ಕಳೆದ ವಾರ ಬಂತು. ಅರ್ಜಿ ಹಾಕಿದ್ದನ್ನೇ ನಾನು ಮರೆತಿದ್ದೆ. ನನಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವರು ಮಾಮ. ಜಗಲಿಯಲ್ಲಿ ನಿಂತು, ನಿಲ್ದಾಣಗಳ ಹೆಸರು ಕೂಗುವ ಹಳೆಯ ರೂಢಿಯಲ್ಲಿ ಒಂದೊಂದೇ ಶಬ್ದ ಓದಿದರು. ಓದಿ ಮುಗಿಸಿ ಮಡಿಸಿ ನನ್ನ ಕಿಸೆಯಲ್ಲಿಟ್ಟರು. ಆಮೇಲೆ, ಏನು ಮಾಡ್ತೆ ತಮಾ ಎಂದರು.

"ಘರಾ ವತಾಂ," ಎಂದೆ. ಮನೆಗೆ ಹೋಗುತ್ತೇನೆ ಎಂದು. ಅದು ಕೊಂಕಣಿಯಲ್ಲಿ ಬಾಯಿಗೆ ಬಂದದ್ದು ನನಗೇ ತಿಳಿಯಲಿಲ್ಲ.

ಮಾಮನೂ ಮೊದಲ ಸಲ ನನಗೆ ಕೊಂಕಣಿಯಲ್ಲೇ ಕೇಳಿದರು. "ಖಂಯಚ್ಯಾ ಘರಾ?"

ಯಾವ ಮನೆಗೆ ಎಂದು. ತುಮಕೂರಿನ ಕಚೇರಿಗೆ ಹಾಜರಾಗಲು ಇನ್ನೂ ಆರು ದಿನವಿದೆ. ಆ ಕಾಗದ ಇನ್ನೂ ನನ್ನ ಕಿಸೆಯಲ್ಲೇ ಇದೆ.