ಶಾಕ್‌ಪ್ರೂಫ್ ವಾಚು

ಅರವತ್ತರ ದಶಕದಲ್ಲಿ ನಮ್ಮ ಕಡೆ ಮದುವೆಯಲ್ಲಿ ಅಳಿಯನಿಗೆ ವಾಚು ಕೊಡುತ್ತಿದ್ದರು. ನಾನು ಆಗ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಮದುವೆ ಗೊತ್ತಾದ ಮೇಲೆ, ಅರಳಸುರಳಿಯಲ್ಲಿದ್ದ ಮಾವ ನನ್ನನ್ನು ಸಾಗರದ ವಾಚಿನಂಗಡಿಗೆ ಕರೆದೊಯ್ದರು. ಅಂಗಡಿಯವರು ಎರಡು ಸ್ವಿಸ್ ವಾಚು ಮುಂದಿಟ್ಟರು. ಬೆಲೆ ಎರಡರದೂ ಒಂದೇ. ಒಂದು ತೆಳ್ಳಗೆ, ಚಿನ್ನದ ಬಣ್ಣ, ಮದುವಣಿಗನಿಗೆಂದೇ ಮಾಡಿದಂತಿತ್ತು. ಇನ್ನೊಂದು ಸ್ಟೀಲಿನದು, ದಪ್ಪ, ನೇಗಿಲಿನ ಗುಳದ ಹಾಗೆ ಒರಟು. ನನ್ನ ಕಣ್ಣು ಚಿನ್ನದ ಬಣ್ಣದ್ದರ ಮೇಲೆಯೇ.

ಮಾವ ಎರಡನ್ನೂ ಕಿವಿಗೆ ಹಿಡಿದರು, ಮಗುಚಿ ನೋಡಿದರು. ಒರಟು ವಾಚಿನ ಬೆನ್ನಿನ ಇಂಗ್ಲಿಷ್ ಅಕ್ಷರ ತೋರಿಸಿ, "ಇದೆಂತ ಬರ್ದಿದ್ದು?" ಎಂದರು.

"ಶಾಕ್‌ಪ್ರೂಫ್. ಶಾಕ್ ತಡೀತದೆ ಅಂತ," ಎಂದೆ.

"ಹಂಗಾದ್ರೆ ಇದೇ ಕೊಡಿ," ಎಂದು ಅಂಗಡಿಯವರಿಗೆ ಹೇಳಿಬಿಟ್ಟರು.

ಮದುವೆ ನನ್ನದು, ಕೈ ನನ್ನದು, ವಾಚು ಮಾತ್ರ ಅವರಿಷ್ಟದ್ದು! ಕೆಳಗೆ ಬಿದ್ದರೂ ಕೆಡುವುದಿಲ್ಲ ಎಂಬುದೊಂದು ಬಿಟ್ಟರೆ ಆ ಒರಟು ವಾಚಿನಲ್ಲಿ ಅವರು ಕಂಡದ್ದೇನು ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಮದುವೆಯಾದ ಮೇಲೆ ಒಮ್ಮೆ ಆನಂದಪುರದ ರಸ್ತೆಬದಿಯ ಕಂಬವೊಂದರ ಮೇಲೆ ನಾನಿದ್ದಾಗ ಮಾವ ಆ ದಾರಿಯಲ್ಲಿ ಬಂದರು. ಹತ್ತುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡುವುದು ನಮ್ಮ ಕೆಲಸದ ನಿಯಮ. ವಾಚು ಕೆಳಗೆ ನನ್ನ ಚೀಲದ ಮೇಲಿತ್ತು. ಅದನ್ನು ಕಂಡದ್ದೇ ಮಾವನ ಮುಖ ಬಿಳಿಚಿಕೊಂಡಿತು. ವಾಚನ್ನು ಎತ್ತಿ ಹಿಡಿದು ಮೇಲಕ್ಕೆ ಕೂಗಿದರು:

"ಅಯ್ಯೋ ಮಾರಾಯ್ರೆ, ಮೊದ್ಲು ಇಳೀರಿ! ಇದನ್ನ ಕಟ್ಕೊಂಡು ಹತ್ಲಿ ಅಂತ ಅಲ್ವಾ ನಾನು ಕೊಡ್ಸಿದ್ದು!"