ಬಿಚ್ಚದೆ ಇಟ್ಟ ಗುಳಿಗೆ ಪಾಕೀಟು

ಗರ್ಭನಿರೋಧಕ ಗುಳಿಗೆಯ ಪಾಕೀಟನ್ನು ನಾನು ಹನ್ನೊಂದು ದಿನ ಬಿಚ್ಚದೆ ಇಟ್ಟುಕೊಂಡಿದ್ದೆ. ಹನ್ನೊಂದೋ ಹದಿಮೂರೋ. ದಿನಚರಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಆ ಪುಟಗಳಲ್ಲಿ ಇರುವುದು ಮಗಳ ಕೆಮ್ಮು, ತಿದ್ದಬೇಕಾದ ಉತ್ತರಪತ್ರಿಕೆಗಳು, ಖಾನಾಪುರದ ರೈಲಿನ ವೇಳೆ. ದೊಡ್ಡದೆನಿಸಿದ್ದನ್ನು ನಾನು ಬರೆಯುವುದೇ ಇಲ್ಲವೇನೋ. ಹಾಗಾಗಿ ಈಗ ಬರೆಯುತ್ತಿರುವುದನ್ನು ನಾನೇ ಪೂರ್ತಿ ನಂಬಲಾರೆ.

ಮಗಳಿಗೆ ಎರಡು ತುಂಬಿ, ಮೊಲೆ ಬಿಡಿಸಿ ಆಗಿತ್ತು. ಬೆಳಗಾವಿಯ ಡಾಕ್ಟರು ಬಿಪಿ ನೋಡಿದರು. ಅರೆತಲೆನೋವು ಬರುತ್ತದೆಯೇ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು ಇದೆಯೇ ಎಂದು ಕೇಳಿ ಚೀಟಿ ಬರೆದರು. ಮುಟ್ಟಾದ ಮೊದಲ ದಿನ ಶುರು ಮಾಡಿ, ಬೇಡವೆನಿಸಿದರೆ ಬಂದು ಹೇಳಿ, ಬೇರೆ ದಾರಿಗಳೂ ಇವೆ ಎಂದರು. ಮುಟ್ಟಿಗೆ ಇನ್ನೂ ದಿನಗಳಿದ್ದವು; ಅದು ಬಂದರೂ ನುಂಗುವೆನೋ ಇಲ್ಲವೋ ಎಂದು ನಿಶ್ಚಯವಾಗಿರಲಿಲ್ಲ. ನನಗೆ ಎರಡನೆಯ ಮಗು ಬೇಡವೆಂದಲ್ಲ, ಈಗ ಬೇಡ. ಆ ‘ಈಗ’ ಎಷ್ಟು ವರ್ಷದ್ದೆಂದು ಮಾತ್ರ ಗೊತ್ತಿರಲಿಲ್ಲ. ಗುಳಿಗೆ ಬಿಟ್ಟ ಮೇಲೆ ಮತ್ತೆ ಬಸಿರಾಗಬಹುದು ಎಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಹೇಳುವವಳು ನಾನೇ. ನನ್ನ ಸರದಿ ಬಂದಾಗ ಅದು ಬರೀ ಪುಸ್ತಕದ ಮಾತಾಗಿ ಕೇಳಿಸಿತು.

ಉದ್ಯಮಬಾಗದ ಕಾರ್ಖಾನೆಯಿಂದ ಬಂದ ಗಂಡನನ್ನು ಕೇಳಿದೆ. ನಿನಗೆ ಹೇಗೆ ಅನಿಸುತ್ತದೋ ಹಾಗೆ ಮಾಡು ಎಂದು ಕೈಕಾಲು ತೊಳೆಯಲು ಎದ್ದರು. ಒಳ್ಳೆಯ ಮಾತೇ. ಆದರೂ ಯೋಚಿಸುವ ಕೆಲಸವನ್ನೆಲ್ಲ ನನಗೊಬ್ಬಳಿಗೇ ಬಿಟ್ಟುಹೋದಂತಿತ್ತು.

ಅಷ್ಟರಲ್ಲಿ ಮಗಳ ಜವಳ ಬಂತು. ಮೊದಲ ಕೂದಲು ತೆಗೆಸುವ ಶಾಸ್ತ್ರಕ್ಕೆ ಖಾನಾಪುರದ ಅತ್ತೆಯ ಮನೆಗೆ ಹೋದೆವು. ಹಿಂದಿನ ದಿನ ನಾನು ಅಡುಗೆಮನೆಯಲ್ಲಿ ಹೋಳಿಗೆಗೆ ಕಡಲೆಬೇಳೆ ಆರಿಸುತ್ತಿದ್ದೆ. ಮಗಳ ಕುಲಾವಿ ಹುಡುಕಲು ನನ್ನ ಚೀಲ ತೆರೆದ ಅತ್ತೆಗೆ ಪಾಕೀಟು ಸಿಕ್ಕಿತು. ಪೂಜೆ, ಮದುವೆ ಬಂದರೆ ಮುಟ್ಟು ಮುಂದಕ್ಕೆ ಹಾಕಲು ಗುಳಿಗೆ ನುಂಗುವುದು ಆ ಓಣಿಯ ಹೆಂಗಸರ ರೂಢಿ. ಅತ್ತೆಗೆ ಗೊತ್ತಿದ್ದ ಹೆಂಗಸರ ಗುಳಿಗೆ ಅದೊಂದೇ. ಬಂದು ಪಕ್ಕದಲ್ಲಿ ಕುಳಿತು, ದನಿ ತಗ್ಗಿಸಿದರು.

“ಇದನ್ನ ನುಂಗಬ್ಯಾಡವಾ. ಬಾಜು ಮನ್ಯಾಕಿ ನುಂಗಿ ನುಂಗಿ ಹೈರಾಣ ಆಗ್ಯಾಳ. ಕೊರಳಾಗ ಲಿಂಗ ಐತಿ, ನಮಗೆಲ್ಲೀ ಮೈಲಿಗಿ? ಮುಟ್ಟಾದ್ರ ಆಗಲಿ, ಕೂಸಿಗೆ ಆರತಿ ನೀನ ಮಾಡು.”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವರ ತಪ್ಪು ತಿಳಿವಳಿಕೆಯ ಹಿಂದೆ ನಾನು ವರ್ಷಗಟ್ಟಲೆ ಅಡಗಿರಬಹುದಿತ್ತು. ಆದರೆ ಅಷ್ಟು ಅಕ್ಕರೆಯಿಂದ ಹೇಳಿದವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇದು ಆ ಗುಳಿಗಿ ಅಲ್ರಿ ಅತ್ತಿ. ಇನ್ನೊಂದು ಕೂಸು ಸದ್ಯಕ್ಕ ಬ್ಯಾಡಂತ.”

ಅವರು ಮೊರದೊಳಗೆ ಕೈಯಾಡಿಸಿದರು. ಒಂದು ಕಲ್ಲು ಆರಿಸಿ ಕಿಟಕಿಯಾಚೆ ಎಸೆದರು ಎಂದು ನೆನಪು. ಆ ಕಲ್ಲನ್ನು ಆಮೇಲೆ ನಾನೇ ಸೇರಿಸಿರಬಹುದು. ಅವರು ಆಡಿದ ಮಾತು ಸೇರಿಸಿದ್ದಲ್ಲ. ಮೂರನೆಯ ಹೆರಿಗೆಯಾದ ಮೇಲೆ ಅವರ ಅತ್ತೆಯೂ ನಮ್ಮ ಮಾವನೂ ಮಾತಾಡಿಕೊಂಡು, ಮುಂದೆ ಮಕ್ಕಳಾಗದ ಆಪರೇಶನ್ನಿಗೆ ದಿನ ಗೊತ್ತು ಮಾಡಿದ್ದರಂತೆ. ನನ್ನ ಅತ್ತೆಗೆ ಅದು ತಿಳಿದದ್ದು ಆಸ್ಪತ್ರೆಯ ಜೀಪು ಬಾಗಿಲಿಗೆ ಬಂದಾಗ. ನಿಮಗೆ ಇನ್ನೊಂದು ಮಗು ಬೇಕಿತ್ತೇ ಎಂದು ಕೇಳಿದೆ.

“ಖರೇನ ಬ್ಯಾಡಾಗಿತ್ತವಾ. ಆದ್ರ ಕೇಳಿದ್ರ ನಾನ ಹೇಳ್ತಿದ್ದೆ.”

ಆಮೇಲೆ ಅವರದೇ ಪ್ರಶ್ನೆಗಳು. ಮೈಗೆ ಏನೂ ಆಗುವುದಿಲ್ಲವೇ, ಬಿಟ್ಟರೆ ಮತ್ತೆ ಕೂಸಾಗುತ್ತದೆಯೇ. ಕೆಲವರಿಗೆ ಮೊದಮೊದಲು ವಾಂತಿ ಬಂದಂತಾಗುತ್ತದೆ, ಬಿಪಿ ನೋಡಿಸುತ್ತಿರಬೇಕು, ಬಿಟ್ಟರೆ ಕೂಸಾಗುತ್ತದೆ ಎಂದೆ. ತರಗತಿಯಲ್ಲಿ ಹೇಳುವುದನ್ನೇ ಹೇಳಿದ್ದು. ಈ ಸಲ ನನ್ನ ಕಿವಿಗೂ ಬಿತ್ತು.

“ನನಗ ಇನ್ನೊಂದು ಮೊಮ್ಮಗು ಬೇಕು, ಸುಳ್ಳ್ಯಾಕ ಹೇಳ್ಲಿ,” ಎಂದರು ಅತ್ತೆ, ಏಳುತ್ತಾ. “ಹಂಗಂತ ನಿನ್ನ ಬಾಗಲಕ್ಕ ಜೀಪ ಕಳಸೂದಿಲ್ಲ.”

ಬೆಳಗಾವಿಗೆ ಮರಳಿದ ಮೂರನೆಯ ದಿನ ಮುಟ್ಟಾದೆ. ನಾಷ್ಟಾ ಆದ ಮೇಲೆ ಮೊದಲ ಗುಳಿಗೆ ನುಂಗಿದೆ. ಧೈರ್ಯ ನನ್ನದೋ, ಅತ್ತೆ ಕೊಟ್ಟದ್ದೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಗಂಡ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು. ಶುರು ಮಾಡಿದೆಯಾ ಎಂದು ಕೇಳಿದರು. “ಸ್ವಲ್ಪ ಕುಂದರ್ರಿ” ಎಂದೆ. ಇಷ್ಟು ದಿನ ಏನೇನಕ್ಕೆ ಅಂಜಿದ್ದೆನೆಂದು ಒಂದೊಂದಾಗಿ ಹೇಳಿದೆ. ಅವರು ಒಂದೇ ಬೂಟು ಹಾಕಿಕೊಂಡು ಕುಳಿತು ಕೇಳಿದರು. ಉದ್ಯಮಬಾಗದ ಬಸ್ಸು ಹೋಯಿತು.