ಗಾಲಿಗೆ ಕೊಟ್ಟ ಕಲ್ಲು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ‘ಅವತ್ತೇ ಬರೆದಿಟ್ಟಿದ್ದೀರಾ?’ ಎಂದು ಕೇಳುತ್ತಿದ್ದೆ. ನೆನಪು ತನಗೆ ಬೇಕಾದಂತೆ ಸಂಗತಿಗಳನ್ನು ತಿದ್ದಿಕೊಳ್ಳುತ್ತದೆ. ಅದಕ್ಕೇ ದಿನಚರಿ ಇಡುತ್ತೇನೆ. ಈ ಸಂಗತಿಯಲ್ಲಿ ನನ್ನನ್ನು ಕಾಡುತ್ತಿರುವುದೂ ಆ ದಿನಚರಿಯೇ.

ಪುಣೆಯ ಕೊಂಢವಾದಲ್ಲಿರುವ ನನ್ನ ಕಾಕಾ ಪ್ರತಿ ಚಳಿಗಾಲ ತಮ್ಮ ಐವತ್ತು ವರ್ಷ ದಾಟಿದ ಫಿಯೆಟ್ ಕಾರಿನಲ್ಲಿ ಹೊರಡುತ್ತಾರೆ, ಇತಿಹಾಸಕ್ಕೂ ಹಿಂದಿನ ಜನ ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳನ್ನು ನೋಡಲು. ಘಟ್ಟದಲ್ಲಿ ಗಾಡಿ ಕಲಿತವರು. ಎಲ್ಲಿ ನಿಲ್ಲಿಸಿದರೂ ಹಿಂದಿನ ಗಾಲಿಗೆ ಕಲ್ಲು ಕೊಡುವುದು ರೂಢಿ. ಅದಕ್ಕೆಂದೇ ಡಿಕ್ಕಿಯಲ್ಲಿ ಒಂದು ಕರಿಕಲ್ಲು ಇರುತ್ತಿತ್ತು. ಅದರ ಮೂಲೆ ಮುರಿದಿತ್ತು. ಚಿಕ್ಕವಳಿದ್ದಾಗ ನಾನೇ ಬೀಳಿಸಿ ಮುರಿದದ್ದು.

ಮೂರು ವರ್ಷದ ಹಿಂದೆ ಅವರ ಹೆಂಡತಿ, ನನ್ನ ಕಾಕು, ನನ್ನನ್ನು ಅಡುಗೆಮನೆಗೆ ಕರೆದು, “ಇವರಿಗೆ ಈಗೀಗ ಭಾಳ ಮರವು ಆಗ್ಯದ. ನೀ ಜೋಡಿ ಹೋಗಿ ನೋಡ್ಕೊಂಡ್ ಬಾ. ಆಗೂದಿಲ್ಲ ಅಂತ ನೀ ಒಂದ್ ಮಾತು ಹೇಳು, ಚಾವಿ ನಾ ಕಸಗೋತೀನಿ,” ಎಂದರು. ಕಾರು ಹೋದರೆ ಕಾಕಾ ಮನೆಯಿಂದ ಹೊರಗೇ ಬರಲಾರರೆಂದು ಇಬ್ಬರಿಗೂ ಗೊತ್ತಿತ್ತು.

ಪುಣೆಯಿಂದ ಮೂರು ತಾಸಿನ ದಾರಿ. ಜಾಗದ ಹೆಸರು ಬೇಡ. ಇಳಿಜಾರು ಮಾಳದಲ್ಲಿ ವೃತ್ತಾಕಾರವಾಗಿ ಹೂಳಿದ ಕಲ್ಲುಗಳು. ಕೆಲವು ದೊಡ್ಡವು, ಉಳಿದವು ಒಬ್ಬರು ಎತ್ತುವಷ್ಟು. ಕಾಕಾ ಗಾಡಿಯನ್ನು ಚೆನ್ನಾಗಿಯೇ ಓಡಿಸಿದ್ದರು. ನಾನು ಕಲ್ಲುಗಳನ್ನು ಎಣಿಸಿ ಬರೆದುಕೊಂಡೆ. ಚಪಾತಿ, ಶೇಂಗಾ ಚಟ್ನಿ ತಿಂದು ಹೊರಟೆವು.

ಸಂಜೆ ಮನೆಯ ಮುಂದಿನ ಏರಿನಲ್ಲಿ ಗಾಡಿ ನಿಲ್ಲಿಸಿ ಕಾಕಾ ಡಿಕ್ಕಿ ತೆರೆದರು. ಒಳಗಿದ್ದದ್ದು ನಮ್ಮ ಕಲ್ಲಲ್ಲ. ಅರ್ಧ ಮೈಗೆ ಬೂದು ಕಲ್ಲುಹೂವು, ಇನ್ನರ್ಧಕ್ಕೆ ಹಸಿ ಮಣ್ಣು.

“ಕಾಕಾ, ಇದು ಅಲ್ಲಿಂದ ಕಿತ್ತಿದ್ದು!” ಎಂದೆ.

“ಏ ಹುಚ್ಚಿ, ಗಾಲಿಗೆ ಹಚ್ಚಿದ್ದನ್ನ ಎತ್ತಿ ಇಟ್ಟೀನಿ,” ಎಂದರು. ಆಮೇಲೆ ಅವರ ದನಿ ಇಳಿಯಿತು. “ನಾಳೆ ಒಯ್ದು ಇಟ್ಟು ಬರೂಣು. ನಿಮ್ಮ ಕಾಕುಗ ಹೇಳಬ್ಯಾಡ.”

ಚಾವಿ ಕಸಿಯುವುದೇ ಸರಿ ಎಂದು ಆ ರಾತ್ರಿ ತೀರ್ಮಾನಿಸಿದೆ.

ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಕಲ್ಲು ಕಿತ್ತ ಗುಂಡಿ ಎಲ್ಲಿಯೂ ಇರಲಿಲ್ಲ. ಎಣಿಸಿದೆ. ಹತ್ತೊಂಬತ್ತು. ಅವುಗಳಲ್ಲಿ ಒಂದು ನಮ್ಮ ಕಲ್ಲು. ಅದೇ ಮುರಿದ ಮೂಲೆ. ಅರ್ಧದವರೆಗೆ ನೆಲದಲ್ಲಿ ಹೂತಿತ್ತು, ಸುತ್ತ ಹುಲ್ಲು ಬೇರು ಬಿಟ್ಟಿತ್ತು. ಮುರಿದ ಜಾಗದ ಮೇಲೂ ಕಲ್ಲುಹೂವು ಹಬ್ಬಿತ್ತು. ಎರಡೂ ಕೈಯಿಂದ ಅಲುಗಿಸಿದೆ, ಜಗ್ಗಲಿಲ್ಲ.

ಕಾಕಾ ಡಿಕ್ಕಿಯ ಕಲ್ಲನ್ನು ಎದೆಗೆ ಅವುಚಿಕೊಂಡು ಸುತ್ತ ಎರಡು ಬಾರಿ ನಡೆದರು. “ಇದಕ್ಕ ಇಲ್ಲಿ ಜಾಗಾನ ಇಲ್ಲಲ್ಲ,” ಎಂದರು.

ನಾನು ದಿನಚರಿ ತೆರೆದೆ. ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರ: ‘ಹತ್ತೊಂಬತ್ತು. ಒಂದರ ಮೂಲೆ ಮುರಿದಿದೆ.’

ಎಣಿಸಿದ್ದು ನೆನಪಿದೆ. ಮುರಿದ ಮೂಲೆ ಕಂಡದ್ದು ನೆನಪಿಲ್ಲ, ಹಾಗೆ ಬರೆದದ್ದೂ ನೆನಪಿಲ್ಲ. ಅಂಥದೇ ಇನ್ನೊಂದು ಕಲ್ಲು ಅಲ್ಲಿ ಮೊದಲಿನಿಂದಲೂ ಇದ್ದಿರಬಹುದು. ಆದರೆ ನಮ್ಮದು ಎಲ್ಲಿ ಹೋಯಿತು? ಡಿಕ್ಕಿಯಲ್ಲಿದ್ದದ್ದು ಎಲ್ಲಿಂದ ಬಂತು?

ಮನೆಗೆ ಬಂದಾಗ ಕಾಕು ಬಾಗಿಲಲ್ಲೇ, “ಏನಂತೀ?” ಎಂದರು. ಕಾಕಾ ಬಗ್ಗಿ ಬೂಟಿನ ಲಾಡಿ ಬಿಚ್ಚುತ್ತಿದ್ದರು. ಅದು ಆಗಲೇ ಬಿಚ್ಚಿತ್ತು.

“ಗಾಡಿ ಛಲೋ ಓಡಸ್ತಾರ್ರೀ ಕಾಕು,” ಎಂದೆ. ಅದು ಸುಳ್ಳಲ್ಲ.

ಚಾವಿ ಇನ್ನೂ ಕಾಕಾರ ಹತ್ತಿರವೇ ಇದೆ. ಪಕ್ಕದಲ್ಲಿ ನಾನಿರಬೇಕೆಂಬುದೊಂದೇ ಷರತ್ತು. ಗಾಲಿಗೆ ಈಗ ಆ ಇನ್ನೊಂದು ಕಲ್ಲು. ಅವರು ಅದನ್ನು ಎತ್ತಿಡುವಾಗ ನಾನು ನೋಡುತ್ತೇನೆ, ನಾನು ಬರೆದದ್ದನ್ನು ಅವರು ಓದುತ್ತಾರೆ. ಆ ಒಂದು ಪುಟವನ್ನು ಮಾತ್ರ ಅವರಿಗೆ ಇನ್ನೂ ತೋರಿಸಿಲ್ಲ.